ಲಸಿಕೆಯಿಂದ ತೊಂದರೆಯಾದರೆ ವಕೀಲರ ಫೀಜು ಯಾರ ಗಂಟಿನಿಂದ?



"ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ" ಎಂಬ ಗಾದೆ ನಿಮಗೆಲ್ಲ ತಿಳಿದುದೇ. ಗೆದ್ದವನು ಸೋಲುವುದು ಹೇಗೆ? ಬಂದ ಪರಿಹಾರದ ಹಣ ವಕೀಲರ ಫೀಜಿಗೂ, ಓಡಾಟಕ್ಕೂ, ನಡುವೆ ನಿಂತವರ ಪಾಲಿಗೂ ಹೋಗಿ, ನೋವುಂಡವನ ಕೈಯಲ್ಲಿ ಏನೂ ಉಳಿಯದೆ ಹೋಗುವುದರಿಂದ. ಈ ಗಾದೆ ನಿಮ್ಮ ಮನೆಯಲ್ಲಿ ನಿಜವಾಗಬಾರದು. ಅದಕ್ಕಾಗಿಯೇ ಈ ಸಲ ಗೊಬ್ಬರ, ಬಿತ್ತನೆಯ ವಿಷಯ ಬಿಟ್ಟು, ಲಸಿಕೆಯಿಂದ ಹಾನಿಯಾದಾಗ ನಡೆಸುವ ಪರಿಹಾರದ ಮೊಕದ್ದಮೆಯ ಖರ್ಚಿನ ವಿಷಯ ಬರೆಯುತ್ತಿದ್ದೇನೆ.

ನಮ್ಮ ಹಳ್ಳಿಗಳಲ್ಲಿ ಕಾಯಿಲೆ ದೊಡ್ಡದಾದರೆ ಬೆಂಗಳೂರಿನ ಬಸ್ಸು ಹತ್ತುವುದು ವಾಡಿಕೆ. ಮಕ್ಕಳು, ಬಾಣಂತಿಯರು ವಾಣಿವಿಲಾಸಕ್ಕೆ. ಕಣ್ಣಿನವರು ಚಾಮರಾಜಪೇಟೆಯ ಮಿಂಟೋ ಆಸ್ಪತ್ರೆಗೆ. ಉಳಿದವರು ವಿಕ್ಟೋರಿಯಾಕ್ಕೋ, ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆಗೋ ಹೋಗುತ್ತಾರೆ. ಅಪರೂಪಕ್ಕೆ ಒಂದು ಚುಚ್ಚುಮದ್ದಿನಿಂದಲೋ ಔಷಧಿಯಿಂದಲೋ ಹಾನಿಯಾದಾಗ, "ನಾವು ಕೇಸು ನಡೆಸಿಕೊಡುತ್ತೇವೆ, ಈಗ ಒಂದು ಕಾಸೂ ಬೇಡ, ಬಂದದ್ದರಲ್ಲಿ ಮೂರನೆಯ ಒಂದು ಪಾಲು ಕೊಟ್ಟರೆ ಸಾಕು" ಎಂದು ಹೇಳುವವರು ಎದುರಾಗುವುದುಂಟು. ಕಷ್ಟದಲ್ಲಿರುವವನಿಗೆ ಇದು ಉಪಕಾರದ ಮಾತಿನಂತೆ ಕೇಳಿಸುತ್ತದೆ. ಅದು ಉಪಕಾರವಲ್ಲ. ವಕೀಲರಾದವರು ಹಾಗೆ ಪಾಲು ಕೇಳುವುದು ಅವರ ವೃತ್ತಿ ನಿಯಮಕ್ಕೇ ವಿರುದ್ಧ. ಹಣವಿಲ್ಲದವನಿಗೆ ವಕೀಲರು ಸಿಗುವ ಬೇರೆ ದಾರಿಗಳನ್ನು ಕಾನೂನೇ ಮಾಡಿಟ್ಟಿದೆ. ಅವು ಯಾವುವು ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು ಲಸಿಕೆಯ ಮಾತು

ಇದನ್ನು ಓದಿ ಯಾರೂ ಮಗುವಿಗೆ ಲಸಿಕೆ ಹಾಕಿಸುವುದನ್ನು ನಿಲ್ಲಿಸಬಾರದು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಪೇಟೆಯ ಇಕ್ಕಟ್ಟಾದ ಬೀದಿಗಳಿಂದ ಜನ ಮನೆ ಬಿಟ್ಟು ಹೊರಟರು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ತುಂಬಿಕೊಂಡುದಕ್ಕೆ ಆ ರೋಗವೂ ಒಂದು ಮುಖ್ಯ ಕಾರಣ. ಅದಕ್ಕೆ ಹಿಂದಿನ ವರ್ಷವೇ, 1897ರಲ್ಲಿ, ಮುಂಬಯಿಯಲ್ಲಿ ಹಾಫ್‌ಕಿನ್ ಎಂಬ ವಿಜ್ಞಾನಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ, ಮೊದಲು ತನ್ನ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದ್ದನು. ನಮ್ಮ ಅಜ್ಜಂದಿರ ಕಾಲದಲ್ಲಿ ದೇವಿ ಹಾಕುವವರು ಊರಿಗೆ ಬಂದರೆ ಮಕ್ಕಳನ್ನು ಕಣಜದ ಹಿಂದೆ ಬಚ್ಚಿಡುತ್ತಿದ್ದರಂತೆ. ಆದರೂ ದೇವಿ ಹಾಕಿ ಹಾಕಿಯೇ ಸಿಡುಬು ತೊಲಗಿತು. 1980ರಲ್ಲಿ ಅದು ಲೋಕದಿಂದಲೇ ಅಳಿಯಿತೆಂದು ಸಾರಲಾಯಿತು. ಪೋಲಿಯೋ ಹನಿಯಿಂದ ನಮ್ಮ ದೇಶ 2014ರಲ್ಲಿ ಪೋಲಿಯೋ ಮುಕ್ತವೆಂದು ಹೆಸರು ಪಡೆಯಿತು.

ಆದರೆ ಸಾವಿರಾರು ಎಕರೆಗೆ ಒಳ್ಳೆಯದಾದ ಬೀಜವೂ ಒಂದು ಮೂಟೆಯಲ್ಲಿ ಕೆಟ್ಟಿರಬಹುದು. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಪ್ಲೇಗು ಲಸಿಕೆಯ ಒಂದೇ ಸೀಸೆಯಿಂದ ಚುಚ್ಚಿಸಿಕೊಂಡ 19 ಮಂದಿ ಧನುರ್ವಾಯುವಿನಿಂದ ಸತ್ತರು. ಬೇರೆ ಸೀಸೆಗಳಿಂದ ಚುಚ್ಚಿಸಿಕೊಂಡವರಿಗೆ ಏನೂ ಆಗಲಿಲ್ಲ. ಮೊದಲು ತಪ್ಪನ್ನು ಹಾಫ್‌ಕಿನ್ನನ ಮೇಲೆ ಹೊರಿಸಿದರು. 1907ರಲ್ಲಿ ಆತ ನಿರ್ದೋಷಿಯೆಂದಾಯಿತು. ಆ ಸೀಸೆ ಯಾವುದೆಂದು ಗುರುತಿದ್ದುದರಿಂದಲೇ ವಿಚಾರಣೆ ಮುಂದುವರಿಯಲು ಸಾಧ್ಯವಾಯಿತು. ಸೀಸೆಯ ಗುರುತು ಎಷ್ಟು ದೊಡ್ಡದೆಂಬುದನ್ನು ಮುಂದೆ ಮತ್ತೆ ಹೇಳುತ್ತೇನೆ.

ಇನ್ನೊಂದು ಮಾತು. ಲಸಿಕೆಯ ನಂತರ ಆದುದೆಲ್ಲ ಲಸಿಕೆಯಿಂದಲೇ ಆದುದಲ್ಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗುವುದುಂಟು. ಒಂದೆರಡು ದಿನದ ಜ್ವರ, ಚುಚ್ಚಿದ ಕಡೆ ಊತ ಸಾಮಾನ್ಯವಾದುವು. ಫಿಟ್ಸು, ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪುವುದು, ಕೈಕಾಲಿನ ಸ್ವಾಧೀನ ಹೋಗುವುದು, ಸಾವು ಇವು ಗಂಭೀರವಾದುವು. ಲಸಿಕೆಗೂ ಹಾನಿಗೂ ಸಂಬಂಧವಿದೆಯೇ ಎಂಬುದನ್ನು ವೈದ್ಯರ ಸಮಿತಿ ಪರಿಶೀಲಿಸುತ್ತದೆ. ಕೋರ್ಟಿನಲ್ಲಿಯೂ ಮೊದಲ ಪ್ರಶ್ನೆ ಇದೇ ಆಗಿರುತ್ತದೆ. ಇದನ್ನು ಸಾಬೀತು ಮಾಡಲು ತಜ್ಞರ ಅಭಿಪ್ರಾಯ, ದಾಖಲೆಗಳ ನಕಲು, ಹಲವು ತಾರೀಖುಗಳ ಓಡಾಟ ಬೇಕಾಗುವುದರಿಂದಲೇ ಇಂಥ ಮೊಕದ್ದಮೆಯಲ್ಲಿ ಖರ್ಚು ಹೆಚ್ಚು.

ಬೇರೆ ದೇಶದವರು ಮಾಡಿಕೊಂಡ ಏರ್ಪಾಡು

ಲಸಿಕೆ ಹಾಕಿಸಿಕೊಂಡವನು ತನ್ನ ಮನೆಯನ್ನಷ್ಟೇ ಅಲ್ಲ, ಊರನ್ನೂ ಕಾಯುತ್ತಾನೆ. ಹೀಗಿರುವಾಗ ಅಪರೂಪದ ಹಾನಿ ಒಬ್ಬನಿಗೆ ಬಂದರೆ ಅದರ ಭಾರವನ್ನು ಊರೆಲ್ಲ ಹೊರುವುದು ನ್ಯಾಯ. ಈ ತತ್ತ್ವದ ಮೇಲೆ ಅಮೆರಿಕದವರು 1986ರಲ್ಲಿ ಒಂದು ಕಾನೂನು ಮಾಡಿದರು. ಬಸವನಗುಡಿ, ಮಲ್ಲೇಶ್ವರಗಳ ಎಷ್ಟೋ ಮನೆಗಳ ಮಕ್ಕಳು ಈಗ ಅಲ್ಲಿ ಸಂಸಾರ ಹೂಡಿದ್ದಾರೆ. ಅಲ್ಲಿ ಲಸಿಕೆ ಹಾಕಿಸಿಕೊಂಡರೆ ಅವರಿಗೂ ಅದು ಅನ್ವಯಿಸುತ್ತದೆ. ಆ ಕಾನೂನಿನಂತೆ, ಪಟ್ಟಿಯಲ್ಲಿರುವ ಲಸಿಕೆಗಳ ಪ್ರತಿಯೊಂದು ಡೋಸಿನ ಮೇಲೂ, ಅದು ತಡೆಯುವ ಒಂದೊಂದು ರೋಗಕ್ಕೆ 75 ಸೆಂಟಿನಂತೆ ತೆರಿಗೆ ಹಾಕಿ ಒಂದು ನಿಧಿ ಕೂಡಿಸುತ್ತಾರೆ. ಹಾನಿಯಾದವರು ವಾಷಿಂಗ್ಟನ್ನಿನ ಒಂದು ವಿಶೇಷ ಕೋರ್ಟಿಗೆ ಅರ್ಜಿ ಹಾಕುತ್ತಾರೆ. ಕಂಪೆನಿಯ ತಪ್ಪನ್ನು ತೋರಿಸಬೇಕಾಗಿಲ್ಲ. ಲಸಿಕೆಯಿಂದ ಹಾನಿಯಾಯಿತೆಂದು ತೋರಿಸಿದರೆ ಸಾಕು.

ನಮಗೆ ಇಲ್ಲಿ ಮುಖ್ಯವಾದುದು ವಕೀಲರ ಫೀಜಿನ ಏರ್ಪಾಡು. ಅಲ್ಲಿ ಫೀಜನ್ನು ಪರಿಹಾರದ ಹಣದಿಂದ ಕಡಿಯುವುದಿಲ್ಲ. ಪರಿಹಾರ ಬೇರೆ, ಫೀಜು ಬೇರೆ. ವಕೀಲರು ತಾವು ಕೆಲಸ ಮಾಡಿದ ಗಂಟೆಗಳ ಲೆಕ್ಕವನ್ನೂ ಖರ್ಚಿನ ರಸೀದಿಗಳನ್ನೂ ಕೋರ್ಟಿಗೆ ಒಪ್ಪಿಸಬೇಕು. ಕೋರ್ಟು ಅದನ್ನು ಪರಿಶೀಲಿಸಿ, ಹೆಚ್ಚೆನಿಸಿದುದನ್ನು ಹೊಡೆದುಹಾಕಿ, ಉಳಿದುದನ್ನು ನಿಧಿಯಿಂದ ಕೊಡಿಸುತ್ತದೆ. ಅರ್ಜಿದಾರ ಸೋತರೂ, ಅರ್ಜಿಯನ್ನು ಪ್ರಾಮಾಣಿಕವಾಗಿ, ಸರಿಯಾದ ಆಧಾರದ ಮೇಲೆ ಹಾಕಿದ್ದರೆ ಫೀಜನ್ನು ಕೊಡಿಸಬಹುದು. 2013ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು, ವಾಯಿದೆ ಮೀರಿ ಹಾಕಿದ ಅರ್ಜಿಗೂ ಇದೇ ನಿಯಮ ಸಲ್ಲುತ್ತದೆಂದು ಹೇಳಿತು. ಕೋರ್ಟು ಗೊತ್ತುಮಾಡಿದುದರ ಮೇಲೆ ಒಂದು ಕಾಸನ್ನೂ ವಕೀಲರು ಕಕ್ಷಿಗಾರನಿಂದ ತೆಗೆದುಕೊಳ್ಳುವಂತಿಲ್ಲ.

ಅದೇ ದೇಶದಲ್ಲಿ ಕೋವಿಡ್ ಲಸಿಕೆಯ ಹಾನಿಯನ್ನು ಬೇರೊಂದು ಯೋಜನೆಗೆ ಸೇರಿಸಿದರು. ಅದರಲ್ಲಿ ವಕೀಲರ ಫೀಜನ್ನು ಕೊಡುವ ಏರ್ಪಾಡಿಲ್ಲ. ಆದುದರಿಂದ ಅಲ್ಲಿ ವಕೀಲರು ಬೇಕೆಂದವರು ತಮ್ಮ ಕೈಯಿಂದಲೇ ಫೀಜು ಕೊಡಬೇಕು. ಇಂಗ್ಲೆಂಡಿನವರು 1979ರಲ್ಲಿಯೇ ಕಾನೂನು ಮಾಡಿ, ತೀವ್ರವಾಗಿ ಅಂಗವಿಕಲರಾದವರಿಗೆ ಒಂದೇ ಸಲಕ್ಕೆ ಗೊತ್ತಾದ ಮೊತ್ತ ಕೊಡುವ ಪದ್ಧತಿ ತಂದರು. 2007ರಲ್ಲಿ ಆ ಮೊತ್ತವನ್ನು 1,20,000 ಪೌಂಡಿಗೆ ಏರಿಸಿದರು. ಅದಕ್ಕೆ ನಮೂನೆ ತುಂಬಿ ಕಳಿಸಿದರೆ ಸಾಕು, ವಕೀಲರು ಬೇಕೆಂಬ ನಿಯಮವಿಲ್ಲ. ಹೀಗೆ ಒಂದೊಂದು ಕಡೆ ಒಂದೊಂದು ಬಗೆ. ನಾವು ಕಲಿಯಬೇಕಾದುದು ಇಷ್ಟು: ಪರಿಹಾರ ಎಷ್ಟು ಬರುವುದೆಂದು ಕೇಳುವ ಮೊದಲು, ಫೀಜು ಯಾರು ಕೊಡುವರೆಂದು ಕೇಳಬೇಕು.

ನಮ್ಮ ದೇಶದಲ್ಲಿ ಸ್ಥಿತಿ ಹೇಗೆ?

ಕೋವಿಡ್ ಲಸಿಕೆಯ ನಂತರ ಮಕ್ಕಳನ್ನು ಕಳೆದುಕೊಂಡ ತಂದೆತಾಯಂದಿರು 2021ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2022ರ ನವೆಂಬರಿನಲ್ಲಿ ಕೇಂದ್ರ ಸರಕಾರ ಅಲ್ಲಿ ಸಲ್ಲಿಸಿದ ಪ್ರಮಾಣ ಪತ್ರದಲ್ಲಿ, ಇಂಥ ಅಪರೂಪದ ಸಾವಿಗೆ ಸರಕಾರವನ್ನು ನೇರವಾಗಿ ಹೊಣೆ ಮಾಡುವುದು ಸರಿಯಲ್ಲವೆಂದೂ, ನೊಂದವರು ಸಿವಿಲ್ ಕೋರ್ಟಿನಲ್ಲಿ ಪರಿಹಾರ ಕೇಳಬಹುದೆಂದೂ ಹೇಳಿತು. ಸಿವಿಲ್ ಕೋರ್ಟು ಎಂದರೆ ದಾವಾ, ಕೋರ್ಟು ಶುಲ್ಕ, ಸಾಕ್ಷಿ, ವಕೀಲರು ಎಲ್ಲವೂ ಬಂದವು. ಈ ವಿಷಯದಲ್ಲಿ ಕೋರ್ಟಿನ ಆದೇಶಗಳೂ ಸರಕಾರದ ಯೋಜನೆಗಳೂ ಆಗಾಗ ಬರುತ್ತಿರುತ್ತವೆ. ಆದುದರಿಂದ ಅರ್ಜಿ ಹಾಕುವ ಮುನ್ನ ಆ ದಿನ ಚಾಲ್ತಿಯಲ್ಲಿರುವ ನಿಯಮವನ್ನು ಕೆಳಗೆ ಹೇಳಿರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ ತಿಳಿಯತಕ್ಕದ್ದು.

ಯಾವ ಕಟ್ಟೆ ಹತ್ತಬೇಕೆಂಬುದು, ಲಸಿಕೆಗೆ ನೀವು ಹಣ ಕೊಟ್ಟಿರೋ ಇಲ್ಲವೋ ಎಂಬುದರ ಮೇಲೆ ನಿಂತಿದೆ. 1995ರಲ್ಲಿ ಇಂಡಿಯನ್ ಮೆಡಿಕಲ್ ಅಸೋಸಿಯೇಷನ್ ಮತ್ತು ವಿ.ಪಿ. ಶಾಂತಾ ಅವರ ನಡುವಣ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿತು. ಹಣ ಪಡೆದು ಚಿಕಿತ್ಸೆ ಮಾಡುವ ವೈದ್ಯರು, ನರ್ಸಿಂಗ್ ಹೋಮುಗಳು ಗ್ರಾಹಕ ಕಾನೂನಿಗೆ ಒಳಪಡುತ್ತಾರೆ. ಎಲ್ಲರಿಗೂ ಸಂಪೂರ್ಣ ಉಚಿತವಾಗಿ ಸೇವೆ ಕೊಡುವ ಆಸ್ಪತ್ರೆ ಆ ಕಾನೂನಿಗೆ ಒಳಪಡುವುದಿಲ್ಲ. ಅಂಗನವಾಡಿಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಟ್ಟಿ ಹಾಕುವ ಲಸಿಕೆಗೆ ಗ್ರಾಹಕ ಆಯೋಗದ ಬಾಗಿಲು ತೆರೆಯುವುದು ಕಷ್ಟ. ಅಲ್ಲಿ ನಿರ್ಲಕ್ಷ್ಯವಾಗಿದ್ದರೆ ಸಿವಿಲ್ ಕೋರ್ಟು, ಇಲ್ಲವೆ ಹೈಕೋರ್ಟು. 1996ರಲ್ಲಿ ಪಶ್ಚಿಮ ಬಂಗಾಳದ ಕೃಷಿ ಕೂಲಿಕಾರರ ಸಂಘ ತಂದ ಮೊಕದ್ದಮೆಯಲ್ಲಿ, ಸರಕಾರಿ ಆಸ್ಪತ್ರೆಗಳು ಚಿಕಿತ್ಸೆ ಕೊಡದೆ ತಿರುಗಿಸಿ ಕಳಿಸಿದ ಒಬ್ಬ ಕೂಲಿಕಾರನಿಗೆ 25,000 ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು ಆಜ್ಞೆ ಮಾಡಿತು. ಸರಕಾರಿ ಆಸ್ಪತ್ರೆಯಾದ ಮಾತ್ರಕ್ಕೆ ಕೇಳುವವರಿಲ್ಲ ಎಂದೇನೂ ಅಲ್ಲ.

ನಮ್ಮ ಹತ್ತಿರದ ಒಂದು ಪ್ರಸಂಗ. 2019ರ ಜುಲೈನಲ್ಲಿ ಚಾಮರಾಜಪೇಟೆಯ ಮಿಂಟೋ ಆಸ್ಪತ್ರೆಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡ ಹಲವರಿಗೆ ತೊಂದರೆಯಾಗಿ, ಕೆಲವರ ದೃಷ್ಟಿ ಹೋಯಿತು. ಶಸ್ತ್ರಕ್ರಿಯೆಯಲ್ಲಿ ಬಳಸಿದ ಒಂದು ಔಷಧದ ಮೇಲೆ ಸಂಶಯ ಬಂದಿತು. ಆ ವರ್ಷದ ನವೆಂಬರಿನಲ್ಲಿ ಗಲಾಟೆಯಾಗಿ, ವೈದ್ಯರ ಮುಷ್ಕರವೂ ನಡೆದು, ಸರಕಾರದ ಪರಿಹಾರದ ಮಾತು ಊರೆಲ್ಲ ಹಬ್ಬಿತು. ಇದು ಲಸಿಕೆಯ ಪ್ರಸಂಗವಲ್ಲ. ಆದರೂ ಪಾಠ ಒಂದೇ. ಸರಕಾರ ತಾನಾಗಿ ಕೊಡುವ ಪರಿಹಾರಕ್ಕೆ ಆಸ್ಪತ್ರೆಯ ಚೀಟಿ, ಗುರುತಿನ ಪತ್ರ, ಬ್ಯಾಂಕಿನ ಪಾಸು ಪುಸ್ತಕ ಬೇಕಾಗುತ್ತವೆಯೇ ಹೊರತು ವಕೀಲರು ಬೇಕಾಗಿಲ್ಲ. ಅಂಥ ಹಣದಲ್ಲಿ ಯಾರಾದರೂ ಪಾಲು ಕೇಳಿದರೆ ಕೊಡಬೇಕಾಗಿಲ್ಲ.

ಫೀಜಿನ ನಾಲ್ಕು ದಾರಿಗಳು

ಒಂದನೆಯದು, ವಕೀಲರಿಲ್ಲದೆ ನಡೆಸುವುದು. ಹಣ ಕೊಟ್ಟು ಹಾಕಿಸಿಕೊಂಡ ಲಸಿಕೆಯಾದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ನೀವೇ ದೂರು ಕೊಡಬಹುದು, ನೀವೇ ವಾದಿಸಬಹುದು. ನೀವು ಕೊಟ್ಟ ಹಣ 5 ಲಕ್ಷ ರೂಪಾಯಿಗೆ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. 2019ರ ಗ್ರಾಹಕ ಕಾನೂನಿನಂತೆ ನೀವು ವಾಸವಾಗಿರುವ ಜಿಲ್ಲೆಯಲ್ಲಿಯೇ ದೂರು ಹಾಕಬಹುದು. ಲಸಿಕೆ ಹಾಕಿದ ನರ್ಸಿಂಗ್ ಹೋಮು ಬಸವನಗುಡಿಯಲ್ಲಿದೆಯೆಂದು ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ಆದರೆ ಎರಡು ವರ್ಷದೊಳಗೆ ಹಾಕತಕ್ಕದ್ದು.

ಎರಡನೆಯದು, ಉಚಿತ ಕಾನೂನು ನೆರವು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೆಯ ಕಲಮಿನಂತೆ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕೈಗಾರಿಕಾ ಕೆಲಸಗಾರರಿಗೆ, ನೆರೆ, ಬರ ಮುಂತಾದ ವಿಪತ್ತಿಗೆ ಸಿಕ್ಕಿದವರಿಗೆ ಸರಕಾರದ ಖರ್ಚಿನಲ್ಲಿ ವಕೀಲರನ್ನು ಕೊಡುತ್ತಾರೆ. ಇವರ ವರಮಾನವನ್ನು ನೋಡುವುದಿಲ್ಲ. ಉಳಿದವರಿಗೆ ರಾಜ್ಯ ಸರಕಾರ ಗೊತ್ತುಪಡಿಸಿದ ವರಮಾನದ ಮಿತಿಯುಂಟು. ಇದರಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಲಸಿಕೆಯ ಹಾನಿ ಹೆಚ್ಚಾಗಿ ಮಗುವಿಗೆ ಸಂಬಂಧಿಸಿದುದು. ಅರ್ಜಿ ಮಗುವಿನ ಹೆಸರಿನಲ್ಲಿ ಇರುತ್ತದೆ. ಮಗುವಿಗೆ ನೆರವು ಸಿಕ್ಕೇ ಸಿಗುತ್ತದೆ. ತಾಯಿಗೂ ಸಿಗುತ್ತದೆ. ಅಪ್ಪನಿಗೆ ಐದು ಎಕರೆ ತೋಟವಿದೆಯೆಂದು ಯಾರೂ ಹಿಂದೆ ಕಳಿಸುವಂತಿಲ್ಲ.

ಈ ನೆರವಿನಲ್ಲಿ ವಕೀಲರ ಫೀಜು, ಕೋರ್ಟು ಶುಲ್ಕ, ದಾಖಲೆಗಳ ನಕಲಿನ ಖರ್ಚು, ಭಾಷಾಂತರದ ಖರ್ಚು ಸೇರುತ್ತವೆ. ಹೀಗೆ ನೇಮಕವಾದ ವಕೀಲರು ನಿಮ್ಮಿಂದ ಫೀಜು ಕೇಳುವಂತಿಲ್ಲ. ಅರ್ಜಿ ಕೊಡುವ ಸ್ಥಳ ತಾಲ್ಲೂಕು ಕೋರ್ಟಿನ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿ. ಜಿಲ್ಲೆಗೆ ಜಿಲ್ಲಾ ಪ್ರಾಧಿಕಾರವಿದೆ. ರಾಜ್ಯ ಪ್ರಾಧಿಕಾರ ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ. ಹೈಕೋರ್ಟಿನ ಮೊಕದ್ದಮೆಗೆ ಹೈಕೋರ್ಟಿನದೇ ಒಂದು ಸಮಿತಿಯುಂಟು. ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟರೂ ಆಗುತ್ತದೆ. ಬರೆಯಲು ಬಾರದವರು ಬಾಯಿಯಲ್ಲಿ ಹೇಳಿದರೆ ಅಲ್ಲಿಯವರು ಬರೆದುಕೊಳ್ಳುತ್ತಾರೆ. 15100 ಎಂಬ ದೂರವಾಣಿ ಸಂಖ್ಯೆಗೆ ಕರೆ ಮಾಡಿಯೂ ಕೇಳಬಹುದು.

ಮೂರನೆಯದು, ಬಡವರ ದಾವಾ. ಹಾನಿಗೆ ದೊಡ್ಡ ಮೊತ್ತ ಕೇಳಿದರೆ ಕೋರ್ಟು ಶುಲ್ಕವೂ ದೊಡ್ಡದಾಗುತ್ತದೆ. ಅದನ್ನು ಕಟ್ಟುವ ಶಕ್ತಿ ಇಲ್ಲದವರು ಸಿವಿಲ್ ಪ್ರೊಸೀಜರ್ ಕೋಡಿನ 33ನೆಯ ಆರ್ಡರಿನಂತೆ, ಶುಲ್ಕವಿಲ್ಲದೆ ದಾವಾ ಹೂಡಲು ಅಪ್ಪಣೆ ಕೇಳಬಹುದು. ವಕೀಲರನ್ನು ಇಟ್ಟುಕೊಳ್ಳಲಾರದಿದ್ದರೆ ಕೋರ್ಟೇ ಒಬ್ಬರನ್ನು ಕೊಡಬಹುದು. ಮುಂದೆ ಗೆದ್ದರೆ ಸರಕಾರ ಆ ಶುಲ್ಕವನ್ನು ವಸೂಲು ಮಾಡಿಕೊಳ್ಳುತ್ತದೆಂಬುದನ್ನು ತಿಳಿದಿರಬೇಕು.

ನಾಲ್ಕನೆಯದು, ಸ್ವಂತ ಖರ್ಚಿನಲ್ಲಿ ವಕೀಲರನ್ನು ಇಟ್ಟು, ಗೆದ್ದ ಮೇಲೆ ಖರ್ಚನ್ನು ಎದುರು ಪಕ್ಷದಿಂದ ವಸೂಲು ಮಾಡುವುದು. ಸಿವಿಲ್ ಪ್ರೊಸೀಜರ್ ಕೋಡಿನ 35ನೆಯ ಕಲಮು ಇದಕ್ಕೆ ಆಧಾರ. ಸಾಮಾನ್ಯವಾಗಿ ಸೋತವನು ಗೆದ್ದವನ ಖರ್ಚನ್ನು ಕೊಡಬೇಕು. ಕೊಡಿಸುವುದಿಲ್ಲವಾದರೆ ನ್ಯಾಯಾಧೀಶರು ಕಾರಣ ಬರೆಯಬೇಕು. ಆದರೆ ಇದರಲ್ಲಿ ಒಂದು ತೊಡಕಿದೆ. ಕೋರ್ಟು ಕೊಡಿಸುವ ಫೀಜು ನಿಯಮದ ಪಟ್ಟಿಯಂತೆ. ಅದು ನೀವು ನಿಜವಾಗಿ ಕೊಟ್ಟುದಕ್ಕಿಂತ ಬಹಳ ಕಡಿಮೆಯಿರುವುದುಂಟು. ಖರ್ಚು ನಿಜವಾದ ಖರ್ಚಿಗೆ ಹತ್ತಿರವಾಗಿರಬೇಕೆಂದು ಸುಪ್ರೀಂ ಕೋರ್ಟು 2005ರಲ್ಲಿ ಸೇಲಂ ವಕೀಲರ ಸಂಘದ ಮೊಕದ್ದಮೆಯಲ್ಲಿ ಹೇಳಿತು. 2011ರಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ ಮತ್ತೆ ಈ ವಿಷಯವನ್ನು ಎತ್ತಿತು. ಆದುದರಿಂದ ಮೂರು ಕೆಲಸ ಮಾಡಿ. ದಾವೆಯ ಬೇಡಿಕೆಯಲ್ಲಿಯೇ "ಖರ್ಚು ಸಮೇತ" ಎಂದು ಬರೆಸಿ. ಕೊಟ್ಟ ಪ್ರತಿಯೊಂದು ರೂಪಾಯಿಗೂ ರಸೀದಿ ಕೇಳಿ ಪಡೆಯಿರಿ. ತೀರ್ಪಿಗೆ ಮೊದಲು ಖರ್ಚಿನ ಪಟ್ಟಿಯನ್ನು ಕೋರ್ಟಿಗೆ ಸಲ್ಲಿಸುವಂತೆ ವಕೀಲರಿಗೆ ನೆನಪು ಮಾಡಿ. ರಸೀದಿಯಿಲ್ಲದ ಖರ್ಚು ಅಳತೆಯಿಲ್ಲದ ರಾಗಿಯಂತೆ. ಇತ್ತೆಂದು ಹೇಳಬಹುದು, ತೋರಿಸಲಾಗದು.

ಲೆಕ್ಕ ಹಾಕಿ ನೋಡಿ

ಉದಾಹರಣೆಗೆ 3,00,000 ರೂಪಾಯಿ ಪರಿಹಾರ ಬಂದಿತೆಂದು ಇಟ್ಟುಕೊಳ್ಳಿ. ಮೂರನೆಯ ಒಂದು ಪಾಲಿಗೆ ಒಪ್ಪಿದ್ದರೆ 1,00,000 ಹೋಯಿತು. ಓಡಾಟ, ನಕಲು, ತಜ್ಞರ ಅಭಿಪ್ರಾಯಕ್ಕೆ 20,000 ಆಗಿದ್ದರೆ ಮನೆಗೆ ಬರುವುದು 1,80,000 ಮಾತ್ರ. ಸ್ವಂತ ವಕೀಲರಿಗೆ ಗೊತ್ತಾದ ಫೀಜು 40,000 ಕೊಟ್ಟು, ಅದೇ 20,000 ಇತರ ಖರ್ಚಾಗಿ, ಕೋರ್ಟು 15,000 ಖರ್ಚು ಕೊಡಿಸಿದರೆ ಮನೆಗೆ 2,55,000 ಬರುತ್ತದೆ. ಉಚಿತ ನೆರವಿನಲ್ಲಿ ನಡೆಸಿದರೆ ಬಸ್ಸಿನ ಖರ್ಚು ಮುಂತಾದ ಸಣ್ಣ ಮೊತ್ತ ಕಳೆದು ಹೆಚ್ಚುಕಡಿಮೆ ಪೂರ್ತಿ 3,00,000 ಮಗುವಿನ ಔಷಧಿಗೂ ಆರೈಕೆಗೂ ಉಳಿಯುತ್ತದೆ. ಕೈಕಾಲು ಸ್ವಾಧೀನವಿಲ್ಲದ ಮಗುವನ್ನು ಜೀವಮಾನವೆಲ್ಲ ನೋಡಿಕೊಳ್ಳಬೇಕಾದ ತಾಯಿಗೆ ಈ 1,20,000ದ ಅಂತರ ಚಿಕ್ಕದಲ್ಲ.

ಪಾಲಿನ ಕರಾರಿಗೆ ಹೆಬ್ಬೆಟ್ಟು ಒತ್ತಬೇಡಿ

ಭಾರತೀಯ ವಕೀಲರ ಪರಿಷತ್ತಿನ ನಡತೆಯ ನಿಯಮಗಳಲ್ಲಿ 20ನೆಯ ನಿಯಮ ಹೀಗಿದೆ: ಮೊಕದ್ದಮೆಯ ಫಲಿತಾಂಶದ ಮೇಲೆ ಫೀಜು ಗೊತ್ತುಮಾಡಿಕೊಳ್ಳಕೂಡದು, ಬಂದ ಹಣದಲ್ಲಿ ಪಾಲು ತೆಗೆದುಕೊಳ್ಳಲು ಒಪ್ಪಕೂಡದು. ಅಮೆರಿಕದಲ್ಲಿ ಬೇರೆ ಬಗೆಯ ಮೊಕದ್ದಮೆಗಳಲ್ಲಿ ಪಾಲಿನ ಪದ್ಧತಿ ಉಂಟು. ನಮ್ಮಲ್ಲಿ ವಕೀಲರಿಗೆ ಅದು ನಿಷಿದ್ಧ. ಒಳ್ಳೆಯ ವಕೀಲರು ಇದನ್ನು ತಾವೇ ಹೇಳುತ್ತಾರೆ. ನಮ್ಮ ತಾಲ್ಲೂಕು ಕೋರ್ಟುಗಳಲ್ಲಿ ಬಡವರ ಕೇಸನ್ನು ಬಿಡಿಗಾಸಿಗೆ ನಡೆಸಿಕೊಟ್ಟವರೂ ಇದ್ದಾರೆ. ಅವರಿಗೆ ಗೊತ್ತಾದ ಫೀಜನ್ನು ಸಂತೋಷವಾಗಿ ಕೊಡಿ. ದುಡಿದವನಿಗೆ ಕೂಲಿ ಸಲ್ಲಬೇಕಾದುದೇ.

ಇನ್ನೆರಡು ವಿಷಯ ತಿಳಿದಿರಿ. ಫೀಜು ಬಾಕಿಯಿದೆಯೆಂದು ವಕೀಲರು ನಿಮ್ಮ ಕಾಗದಪತ್ರಗಳನ್ನು ಹಿಡಿದಿಟ್ಟುಕೊಳ್ಳುವಂತಿಲ್ಲವೆಂದು 2000ದಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದೆ. ವಕೀಲರ ನಡತೆಯ ಮೇಲೆ ದೂರಿದ್ದರೆ ಅದನ್ನು ರಾಜ್ಯ ವಕೀಲರ ಪರಿಷತ್ತಿಗೆ ಕೊಡಬೇಕು. 2024ರ ಸುಪ್ರೀಂ ಕೋರ್ಟಿನ ತೀರ್ಪಿನಂತೆ ವಕೀಲರ ಮೇಲೆ ಗ್ರಾಹಕ ಆಯೋಗಕ್ಕೆ ಹೋಗಲಾಗದು. ಬಿಳಿ ಹಾಳೆಗೂ, ಖಾಲಿ ಬಿಟ್ಟ ಛಾಪಾ ಕಾಗದಕ್ಕೂ ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ಹಾಕಬೇಡಿ. ವಕಾಲತ್ತಿಗೆ ಸಹಿ ಹಾಕುವ ಮೊದಲು ಓದಿಸಿ ಕೇಳಿ. ಪರಿಹಾರದ ಹಣ ಮಗುವಿನ ಇಲ್ಲವೆ ನಿಮ್ಮ ಬ್ಯಾಂಕಿನ ಖಾತೆಗೇ ಬರುವಂತೆ ಕೇಳಿಕೊಳ್ಳಿ.

ಬೀಜದ ಚೀಟಿಯಂತೆ ಲಸಿಕೆಯ ಚೀಟಿ

ಬಿತ್ತನೆ ಬೀಜ ಕೊಂಡಾಗ ಚೀಲದ ಚೀಟಿಯನ್ನೂ ಬಿಲ್ಲನ್ನೂ ಬೆಳೆ ಕೈಗೆ ಬರುವವರೆಗೆ ಎತ್ತಿಡಿ ಎಂದು ನಾನು ಸಭೆ ಸಭೆಯಲ್ಲಿ ಹೇಳುತ್ತಿರುತ್ತೇನೆ. ಮೊಳಕೆ ಬರದಿದ್ದರೆ ಲಾಟು ನಂಬರಿಲ್ಲದೆ ಯಾರನ್ನೂ ಕೇಳಲಾಗದು. ಲಸಿಕೆಗೂ ಇದೇ ಮಾತು. ಕೆಳಗಿನವನ್ನು ಒಂದು ಚೀಲದಲ್ಲಿ ಹಾಕಿ, ಪಹಣಿ ಇಡುವ ಪೆಟ್ಟಿಗೆಯಲ್ಲಿಯೇ ಇಡಿ.

1. ತಾಯಿ ಕಾರ್ಡು ಇಲ್ಲವೆ ಲಸಿಕೆಯ ಕಾರ್ಡು. ಅದರಲ್ಲಿ ತಾರೀಖು, ಲಸಿಕೆಯ ಹೆಸರು, ಸಾಧ್ಯವಾದರೆ ಬ್ಯಾಚು ನಂಬರು ಬರೆಸಿಕೊಳ್ಳಿ.

2. ಹಣ ಕೊಟ್ಟಿದ್ದರೆ ಬಿಲ್ಲು. ಬಿಲ್ಲಿಲ್ಲದೆ ಗ್ರಾಹಕ ಆಯೋಗದಲ್ಲಿ ಕಷ್ಟವಾಗುತ್ತದೆ.

3. ತೊಂದರೆ ಯಾವ ದಿನ, ಎಷ್ಟು ಹೊತ್ತಿಗೆ, ಹೇಗೆ ಶುರುವಾಯಿತೆಂದು ಅಂದೇ ಬರೆದ ಚೀಟಿ. ಮನೆಯಲ್ಲಿ ಓದುವ ಹುಡುಗಿಯಿಂದ ಬರೆಸಿದರೂ ಸರಿ.

4. ಆಸ್ಪತ್ರೆಯ ಓಪಿಡಿ ಚೀಟಿ, ಪರೀಕ್ಷೆಯ ವರದಿ, ಬಿಡುಗಡೆಯ ಪತ್ರ. ಸಾವಾಗಿದ್ದರೆ ಮರಣೋತ್ತರ ಪರೀಕ್ಷೆಯ ವರದಿ. ದುಃಖದ ಹೊತ್ತಿನಲ್ಲಿ ಇದು ಕಠಿಣವೆನಿಸಿದರೂ, ಅದಿಲ್ಲದೆ ಕಾರಣವನ್ನು ತೋರಿಸುವುದು ಬಹಳ ಕಷ್ಟ.

5. ವಕೀಲರಿಗೆ, ನಕಲಿಗೆ, ಓಡಾಟಕ್ಕೆ ಕೊಟ್ಟ ಹಣದ ರಸೀದಿಗಳು.

ಲಸಿಕೆ ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲಿಯೇ ಕುಳಿತಿರಿ. ತೊಂದರೆ ಕಂಡರೆ ಮೊದಲು ಚಿಕಿತ್ಸೆ, ಆಮೇಲೆ ಉಳಿದುದು. ಆಶಾ ಕಾರ್ಯಕರ್ತೆಗೂ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೂ ಕೂಡಲೆ ತಿಳಿಸಿ, ತಿಳಿಸಿದ ತಾರೀಖನ್ನು ಬರೆದಿಟ್ಟುಕೊಳ್ಳಿ. ಅವರು ಕಳಿಸುವ ವರದಿಯ ಮೇಲೆಯೇ ಜಿಲ್ಲೆಯ, ರಾಜ್ಯದ ಸಮಿತಿಗಳ ವಿಚಾರಣೆ ನಡೆಯುತ್ತದೆ. ಔಷಧದ ಅಡ್ಡ ಪರಿಣಾಮವನ್ನು 1800-180-3024 ಎಂಬ ಉಚಿತ ಸಂಖ್ಯೆಗೆ ನೀವೇ ತಿಳಿಸಬಹುದು. ಸರಕಾರದ ಮೇಲೆ ದಾವಾ ಹೂಡುವುದಾದರೆ ಎರಡು ತಿಂಗಳು ಮೊದಲು ನೋಟೀಸು ಕೊಡಬೇಕೆಂಬ ನಿಯಮವಿರುವುದರಿಂದ, ಕಾನೂನು ಸೇವಾ ಸಮಿತಿಗೆ ತಡಮಾಡದೆ ಹೋಗಿ.

ಮುಂದಿನ ಗ್ರಾಮಸಭೆಯಲ್ಲಿ ಈ ಲೇಖನವನ್ನು ಓದಿಸಿ. 15100 ಎಂಬ ಸಂಖ್ಯೆಯನ್ನು ಪಂಚಾಯಿತಿ ಕಚೇರಿಯ ಗೋಡೆಯ ಮೇಲೂ ಹಾಲಿನ ಡೈರಿಯ ಬಾಗಿಲ ಮೇಲೂ ದಪ್ಪ ಅಕ್ಷರದಲ್ಲಿ ಬರೆಯಿಸಿ. ಮಹಿಳಾ ಸಂಘದವರು ತಮ್ಮ ತಿಂಗಳ ಸಭೆಯಲ್ಲಿ ಲಸಿಕೆಯ ಕಾರ್ಡುಗಳನ್ನು ತಂದು, ಬ್ಯಾಚು ನಂಬರು ಇದೆಯೇ ಎಂದು ನೋಡಿಕೊಳ್ಳಬಹುದು. ಲಸಿಕೆಯ ದಿನ ಬಂದಾಗ ಮಗುವನ್ನು ಧೈರ್ಯವಾಗಿ ಕರೆದೊಯ್ದು ಲಸಿಕೆ ಹಾಕಿಸಿ, ಕಾರ್ಡನ್ನು ಪೆಟ್ಟಿಗೆಯಲ್ಲಿಡಿ. ಅದು ಪೆಟ್ಟಿಗೆಯಲ್ಲಿಯೇ ಉಳಿದು ಎಂದೂ ಹೊರಗೆ ಬರುವ ಪ್ರಸಂಗ ಬಾರದಿರಲಿ. ಬಂದರೆ, ಪರಿಹಾರದ ಹಣ ನೊಂದವರ ಮನೆಗೇ ಸೇರಲಿ.